ಕಲ್ಲುಗಣಿಯ ಹೊಂಡಗಳಲ್ಲಿ ಮೀನಿನ ಸಾಕಣೆ

ಚಿತ್ತಾಪುರ ತಾಲೂಕಿನ ರಾವೂರ, ವಾಡಿಗಳ ಸುತ್ತಲೂ ಹಾಸುಗಲ್ಲನ್ನು ತೆಗೆದು ಬಿಟ್ಟ ಗಣಿಗಳಲ್ಲಿ ಮಳೆಯ ನೀರು ನಿಂತು ಹೊಂಡಗಳಾಗಿರುವುದು ಎಲ್ಲರೂ ಬಲ್ಲ ಸಂಗತಿಯೇ. ಇವುಗಳನ್ನು ವ್ಯರ್ಥವಾಗಿ ಬಿಡಲಾಗದು.

ಅಮೆರಿಕೆಯ ಜಮೀನುದಾರರು ತಮ್ಮ ಕೊಳಗಳಲ್ಲಿ ಸಣ್ಣಬಾಯಿಯ ಬಾಸ್ ಎಂಬ ಬೇಟೆಮೀನನ್ನೂ ಅದರ ಆಹಾರಕ್ಕೆಂದು ಚಿಕ್ಕ ಮೀನುಗಳನ್ನೂ ಕೂಡಿಯೇ ಸಾಕುವರು. ಆ ಮೀನು ತಂಪು ನೀರಿನದು. ಬೇಸಿಗೆಯಲ್ಲಿ 40 ಡಿಗ್ರಿ ಸೆಲ್ಸಿಯಸ್ ಮೀರುವ ಈ ಸೀಮೆಗೆ ಒಗ್ಗತಕ್ಕದ್ದಲ್ಲ. ಆದರೆ ಮೊದಲು ಮೇವು, ಆಮೇಲೆ ಬೇಟೆಗಾರ ಎಂಬ ಅವರ ಕ್ರಮವು ಇಲ್ಲಿಗೂ ಸಲ್ಲುವುದು.

ಇಲ್ಲಿಗೆ ತಕ್ಕ ಬೇಟೆಮೀನೆಂದರೆ ತೆಲುಗರು ಕೊರಮೀನು ಎನ್ನುವ ಕೊರವ. ಇದು ನೀರಿನ ಮೇಲಕ್ಕೆ ಬಂದು ಗಾಳಿಯನ್ನೇ ಉಸಿರಾಡುವುದರಿಂದ ಬಿಸಿಲುಗಾಲದಲ್ಲಿಯೂ ತಾಳುವುದು. ಪೇಟೆಯಲ್ಲಿ ಬೆಲೆಯೂ ಹೆಚ್ಚು. ಆದರೆ ಇದನ್ನು ಕಟ್ಲಾ, ರೋಹು, ಮೃಗಾಲ್ ಮರಿಗಳೊಡನೆ ಒಂದೇ ದಿನ ಬಿಟ್ಟರೆ ಮರಿಗಳೆಲ್ಲವೂ ಇದರ ಹೊಟ್ಟೆಯ ಪಾಲಾಗುವುವು; ಆ ವರ್ಷದ ಹಣವೂ ಹೋದಂತೆಯೇ. ಆದುದರಿಂದ ಗೆಂಡೆಗಳು ಅಂಗೈಯಗಲ ಬೆಳೆದ ತರುವಾಯವೇ ಕೊರವನ ಸಣ್ಣ ಮರಿಗಳನ್ನು ಮಿತವಾಗಿ ಬಿಡತಕ್ಕದ್ದು. ತಾನಾಗಿ ಹುಟ್ಟಿ ಹೆಚ್ಚುವ ಕಿರುಮೀನುಗಳು ಇದಕ್ಕೆ ಮೇವಾಗುವುವು.

ಕಟ್ಲಾ ಮೇಲ್ಪದರದಲ್ಲಿ, ರೋಹು ನಡುವೆ, ಮೃಗಾಲ್ ತಳದಲ್ಲಿ ಮೇಯುವುದರಿಂದ ಮೂರನ್ನೂ ಬೆರೆಸುವುದು ಲಾಭಕರ. ಎಕರೆಗೆ ಬೆರಳುದ್ದದ ಮರಿಗಳು ಸುಮಾರು 2000 ಸಾಕು. ಇವು ನಿಂತ ನೀರಿನಲ್ಲಿ ತತ್ತಿಯಿಡವು. ಆದಕಾರಣ ಮರಿಗಳನ್ನು ಪ್ರತಿಸಲವೂ ತರಬೇಕಾಗುವುದು. 1957ರಲ್ಲಿ ಹೀರಾಲಾಲ್ ಚೌಧುರಿಯವರು ಚುಚ್ಚುಮದ್ದಿನಿಂದ ಇವುಗಳನ್ನು ಮರಿಮಾಡಿಸಿ ತೋರಿಸಿದಂದಿನಿಂದ ಹೊಳೆಯಲ್ಲಿ ಮರಿ ಹುಡುಕುವ ತೊಂದರೆಯು ತಪ್ಪಿದೆ. ಮರಿಗಳನ್ನು ತಂದ ಚೀಲವನ್ನು ಕಾಲುಗಂಟೆ ಹೊಂಡದಲ್ಲಿ ತೇಲಬಿಟ್ಟು, ಎರಡೂ ನೀರಿನ ಶಾಖವು ಸಮವಾದ ಮೇಲೆಯೇ, ತಂಪುಹೊತ್ತಿನಲ್ಲಿ ಬಾಯಿ ಬಿಚ್ಚತಕ್ಕದ್ದು.

ಸುಣ್ಣಕಲ್ಲಿನ ನೀರು ಮೀನಿಗೆ ಹಿತವಾದುದೇ. ಆದರೆ ಗಣಿಯ ತಿಳಿನೀರಿನಲ್ಲಿ ಮೇವು ಕಡಿಮೆ. ಸೆಗಣಿಯನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ ನೀರು ತಿಳಿಹಸುರಾಗುವಂತೆ ಮಾಡಬೇಕು. ಕುಡಿಯಲು ಬಳಸುವ ಹೊಂಡಕ್ಕೆ ಇದು ಸರ್ವಥಾ ಕೂಡದು. ಆಳವಾದ ಗಣಿಯ ತಳದಲ್ಲಿ ಪ್ರಾಣವಾಯುವು ಇರುವುದಿಲ್ಲ. ದೊಡ್ಡ ಮಳೆಯಿಂದ ಮೇಲಿನ ನೀರು ಒಮ್ಮೆಲೆ ತಂಪಾಗಿ ತಳದ ನೀರು ಮೇಲೇರಿದರೆ ಗೆಂಡೆಗಳು ಬಾಯಿ ತೆರೆದು ಸಾಯುವುದುಂಟು. ಅಂಥ ಬೆಳಗಿನಲ್ಲಿ ಪಂಪಿನಿಂದ ನೀರನ್ನೆತ್ತಿ ಮತ್ತೆ ಹೊಂಡಕ್ಕೇ ಚಿಮ್ಮಿಸುವುದು ಒಳ್ಳೆಯ ಉಪಾಯ.

ಕಡಿದಾದ ಅಂಚುಳ್ಳ ಹೊಂಡದಲ್ಲಿ ಎಳೆಬಲೆಯು ಸಾಗದು. ಅಲ್ಲಿ ಕಟ್ಟುಬಲೆಯನ್ನೇ ಹೂಡತಕ್ಕದ್ದು.