ಶೇಂಗಾ ಒಣಗಿದರೂ ಹೊಲ ಉಳಿಯೋದು ಹೇಗೆ? ದೇವಸಮುದ್ರದ ಎರಡೆಕರೆ ಲೆಕ್ಕ

ದೇವಸಮುದ್ರ: ಬಿತ್ತನೆ ಹೊತ್ತಿಗೆ ಹದ ಮಳೆ, ಗಿಡ ಹೂ ಬಿಡೋ ಹೊತ್ತಿಗೆ ಬರೀ ಗಾಳಿ. ದೇವಸಮುದ್ರ ಹೋಬಳಿಯ ಕೆಂಪು ನೆಲದಲ್ಲಿ ಶೇಂಗಾ ನಂಬಿದವರಿಗೆ ಇದೇನೂ ಹೊಸದಲ್ಲ. ವರ್ಷಕ್ಕೆ 500 ಮಿ.ಮೀ. ಆಸುಪಾಸು ಮಳೆ ಕಾಣೋ ತಾಲ್ಲೂಕು ಮೊಳಕಾಲ್ಮೂರು. ಇಲ್ಲಿ ಒಟ್ಟು ಎಷ್ಟು ಮಳೆ ಬಿತ್ತು ಅನ್ನೋದಕ್ಕಿಂತ, ಒಂದು ಮಳೆಗೂ ಇನ್ನೊಂದು ಮಳೆಗೂ ನಡುವೆ ಎಷ್ಟು ದಿನ ಕಳೆಯಿತು ಅನ್ನೋದೇ ಮುಖ್ಯ. ಆ ನಡುವಿನ ದಿನಗಳನ್ನು ದಾಟೋ ಶಕ್ತಿ ಹೊಲಕ್ಕೆ ಇದೆಯಾ ಇಲ್ವಾ ಅನ್ನೋದರ ಮೇಲೆ ರೈತರ ಮನೆ ಅಷ್ಟೇ ಅಲ್ಲ, ಊರಿನ ಅಂಗಡಿಗಳ ಉದ್ರಿ ಪುಸ್ತಕವೂ ನಿಂತಿದೆ.

2023 ಅನ್ನೇ ನೋಡಿ. ಆ ವರ್ಷದ ಆಗಸ್ಟ್, ದೇಶದಲ್ಲಿ 1901ರಿಂದ ಈಚೆಗೆ ದಾಖಲಾದ ಅತಿ ಒಣ ಆಗಸ್ಟ್. ಆಶ್ಲೇಷ, ಮಘೆ ಮಳೆ ಎರಡೂ ಕೈಕೊಟ್ಟವು. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಸರ್ಕಾರ ಬರಪೀಡಿತ ಅಂತ ಘೋಷಿಸಿತು, ಮೊಳಕಾಲ್ಮೂರೂ ಅದರಲ್ಲಿತ್ತು. ಪರಿಹಾರ ಬಂದಿದ್ದು ಯಾವಾಗ? ರಾಜ್ಯ ಸರ್ಕಾರ 2024ರ ಜನವರಿ ಹೊತ್ತಿಗೆ ಮೊದಲ ಕಂತು ಅಂತ ಗರಿಷ್ಠ 2,000 ರೂಪಾಯಿ ಹಾಕಿತು. ಕೇಂದ್ರದ 3,454 ಕೋಟಿ ರೂಪಾಯಿ ಬಿಡುಗಡೆಯಾಗಿದ್ದು, ರಾಜ್ಯ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದ ಮೇಲೆ, 2024ರ ಏಪ್ರಿಲ್‌ನಲ್ಲಿ. ಮಳೆಯಾಶ್ರಿತ ಬೆಳೆಗೆ ನಿಯಮದ ಪ್ರಕಾರ ಹೆಕ್ಟೇರಿಗೆ 8,500 ರೂಪಾಯಿ, ಅದೂ ಎರಡು ಹೆಕ್ಟೇರ್‌ವರೆಗೆ ಮಾತ್ರ. ಎಕರೆಗೆ ಲೆಕ್ಕ ಹಾಕಿದರೆ ಸುಮಾರು 3,440. ಆಗಸ್ಟಿನಲ್ಲಿ ಒಣಗಿದ ಬೆಳೆಗೆ ಏಪ್ರಿಲ್‌ನಲ್ಲಿ ದುಡ್ಡು. ಅಷ್ಟು ತಿಂಗಳು ಮನೆ ನಡೆಸಿದ್ದು ಯಾರು ಅಂದರೆ ಕಿರಾಣಿ ಅಂಗಡಿಯವರು, ಗೊಬ್ಬರದ ಅಂಗಡಿಯವರು.

ಶೇಂಗಾ ಯಾಕೆ ಸೋಲುತ್ತೆ ಅನ್ನೋದು ಮೊದಲು ಗೊತ್ತಿರಬೇಕು. ಬಿತ್ತಿದ 25–30 ದಿನಕ್ಕೆ ಹೂ ಶುರು. ಆಮೇಲೆ ಹೂವಿನ ಬುಡದಿಂದ ಸೂಜಿಯಂಥ ಕಡ್ಡಿ ಹೊರಟು ಮಣ್ಣಿಗಿಳಿದು, ಅದರ ತುದಿಯಲ್ಲಿ ಕಾಯಿ ಕಟ್ಟುತ್ತೆ. ಮೇಲ್ಮಣ್ಣು ಗಟ್ಟಿಯಾಗಿದ್ದರೆ ಆ ಕಡ್ಡಿ ಒಳಗೇ ಹೋಗಲ್ಲ. ಗಿಡ ಹಸಿರಾಗೇ ಕಾಣುತ್ತೆ, ಕಿತ್ತು ನೋಡಿದರೆ ಎರಡೋ ಮೂರೋ ಕಾಯಿ. ಹೂವಿನಿಂದ ಕಾಯಿ ಬಲಿಯೋವರೆಗಿನ ಆ ಒಂದೂವರೆ ತಿಂಗಳು ನೆಲದಲ್ಲಿ ತೇವ ಬೇಕೇ ಬೇಕು. ಜೂನ್ ಕೊನೆಗೋ ಜುಲೈಗೋ ಬಿತ್ತಿದವರಿಗೆ ಆ ಒಂದೂವರೆ ತಿಂಗಳು ಸರಿಯಾಗಿ ಆಗಸ್ಟಿನ ಮೇಲೇ ಬಂದು ಬೀಳುತ್ತೆ.

ಹೊಂಡದ ಲೆಕ್ಕ

ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿ.ಮೀ. ಮಳೆ ಅಂದರೆ ಒಂದು ಲೀಟರ್ ನೀರು. ಒಂದು ಎಕರೆ ಅಂದರೆ 4,047 ಚದರ ಮೀಟರ್. 25 ಮಿ.ಮೀ.ನ ಒಂದು ಜೋರು ಮಳೆ ಬಂದರೆ ಎಕರೆಗೆ ಒಂದು ಲಕ್ಷ ಲೀಟರ್, ಎರಡೆಕರೆಗೆ ಎರಡು ಲಕ್ಷ. ಅದರಲ್ಲಿ ಕಾಲು ಭಾಗ ಹರಿದು ಹಳ್ಳ ಸೇರಿತು ಅಂತಿಟ್ಟುಕೊಳ್ಳಿ. ಒಂದೇ ಮಳೆಗೆ 50 ಸಾವಿರ ಲೀಟರ್, ಜೊತೆಗೆ ಹೊಲದ ಮೇಲ್ಮಣ್ಣೂ ಹೋಯಿತು.

ಕೃಷಿ ಭಾಗ್ಯದಲ್ಲಿ ತೋಡುವ ಅಳತೆಗಳಲ್ಲಿ ಒಂದು 12 ಮೀಟರ್ ಉದ್ದ, 12 ಅಗಲ, 3 ಆಳ. ಬದಿ ಇಳಿಜಾರು ಬಿಟ್ಟರೆ ಅದರಲ್ಲಿ ಹಿಡಿಯೋದು ಸುಮಾರು ಎರಡೂವರೆ ಲಕ್ಷ ಲೀಟರ್. ಮೇಲೆ ಹೇಳಿದಂಥ ಐದು ಮಳೆ ಬಂದರೆ ತುಂಬುತ್ತೆ. ತುಂಬಿದ ಹೊಂಡದಿಂದ ಒಂದು ಎಕರೆಗೆ 25 ಮಿ.ಮೀ.ನಷ್ಟು ನೀರು ಎರಡು ಸಲ ಕೊಡಬಹುದು. ಎರಡೂ ಎಕರೆಗೆ ಕೊಡೋದಾದರೆ ಒಂದೇ ಸಲ. ಹೊಂಡ ಇದ್ದರೆ ಬರ ಗೆದ್ದಂಗೆ ಅಂತ ಭಾಷಣ ಮಾಡೋರು ಈ ಗುಣಾಕಾರ ಮಾಡಿರಲ್ಲ. ಹೊಂಡ ಗೆಲ್ಲಿಸೋದು ಎರಡು–ಮೂರು ವಾರದ ಬಿಡುವನ್ನು, ಇಡೀ ಬರವನ್ನಲ್ಲ. ಆದರೆ ಕಾಯಿ ಕಟ್ಟೋ ಹೊತ್ತಲ್ಲಿ ಆ ಎರಡು ವಾರವೇ ಎಲ್ಲಾ.

ಕೆಂಪು ಮಣ್ಣಿನಲ್ಲಿ ತೋಡಿ ಹಾಗೇ ಬಿಟ್ಟರೆ ನೀರು ನಿಲ್ಲಲ್ಲ, ಇಂಗಿಹೋಗುತ್ತೆ. ಪಕ್ಕದ ಬೋರ್‌ವೆಲ್‌ಗೆ ಅದು ಲಾಭವೇ, ಬೆಳೆಗೆ ಮಾತ್ರ ಅಲ್ಲ. ಬೆಳೆಗೇ ಬೇಕು ಅಂದರೆ ಪ್ಲಾಸ್ಟಿಕ್ ಹೊದಿಕೆ ಹಾಕಿಸಬೇಕು. ಹಾಕಿಸಿದರೂ ತುಂಬಿದ ಹೊಂಡದಿಂದ ಬಿಸಿಲು ದಿನಕ್ಕೆ 5 ಮಿ.ಮೀ. ಹೀರಿತು ಅಂದರೂ 700 ಲೀಟರ್ ಮೇಲೆ ಹೋಯಿತು. ಇನ್ನೊಂದು ಮಾತು: ಹೊದಿಕೆ ಹಾಕಿದ ಹೊಂಡಕ್ಕೆ ಜಾರಿದರೆ ಈಜು ಬರೋರೂ ಹತ್ತಿ ಬರೋದು ಕಷ್ಟ, ಕಾಲಿಗೆ ಹಿಡಿತವೇ ಸಿಗಲ್ಲ. ಸುತ್ತ ತಂತಿ ಬೇಲಿ, ಒಳಗೆ ಒಂದು ಗಂಟು ಹಾಕಿದ ಹಗ್ಗ ಇಳಿಬಿಡದೆ ಹೊಂಡ ಮುಗೀತು ಅನ್ನಬಾರದು.

ಹೊಂಡ ಇಲ್ಲದವರು ಮಾಡಬಹುದಾದ್ದು ಸಾಲಿನ ಲೆಕ್ಕ. ಎಂಟು ಸಾಲು ಶೇಂಗಾ, ಎರಡು ಸಾಲು ತೊಗರಿ. ಬಿತ್ತಿ ಒಂದು ತಿಂಗಳಾದ ಮೇಲೆ ತೊಗರಿಯ ಆ ಜೋಡಿ ಸಾಲಿನ ನಡುವೆ ನೇಗಿಲಲ್ಲಿ ಒಂದು ಆಳದ ಸಾಲು ಎಳೆಯೋದು. ಇಳಿಜಾರಿಗೆ ಅಡ್ಡಲಾಗಿ ಬಿತ್ತಿದ್ದರೆ ಓಡೋ ನೀರು ಅಲ್ಲಿ ನಿಂತು ಇಂಗುತ್ತೆ. ಇದಕ್ಕೆ ಸಬ್ಸಿಡಿ ಬೇಡ, ಅರ್ಜಿ ಬೇಡ, ಒಂದು ಜೊತೆ ಎತ್ತು ಸಾಕು. ಅಕ್ಕಡಿ ಸಾಲು ಅಜ್ಜ–ಅಜ್ಜಿಯರ ಕಾಲದ್ದೇ. ಟ್ರ್ಯಾಕ್ಟರ್ ಕೂರಿಗೆ ಬಂದ ಮೇಲೆ ಒಂದೇ ಬೀಜ ಒಂದೇ ಸಮ ಬಿತ್ತೋದು ಸಲೀಸಾಯ್ತು, ಅಕ್ಕಡಿ ಕಮ್ಮಿಯಾಯ್ತು.

ತೊಗರಿಯ ತಾಯಿಬೇರು ಆಳಕ್ಕೆ ಹೋಗುತ್ತೆ, ಅದು ಐದಾರು ತಿಂಗಳ ಬೆಳೆ. ಆಗಸ್ಟಿನಲ್ಲಿ ಶೇಂಗಾ ಕೈಬಿಟ್ಟರೂ ಹಸ್ತೆ, ಚಿತ್ತೆ ಮಳೆ ಬಂದರೆ ತೊಗರಿ ಎದ್ದು ಕೂರುತ್ತೆ. ಮಳೆ ಚೆನ್ನಾಗಾದ ವರ್ಷ ಮಾತ್ರ ಇದೇ ತೊಗರಿ ಸಾಲು ನಷ್ಟ ಅನ್ನಿಸುತ್ತೆ, ಆ ಜಾಗದಲ್ಲೂ ಶೇಂಗಾ ಇದ್ದಿದ್ದರೆ ಇನ್ನೊಂದಿಷ್ಟು ಮೂಟೆ ಆಗ್ತಿತ್ತಲ್ಲ ಅಂತ. ಅದು ನಿಜವೂ ಹೌದು. ಸಣ್ಣ ಹೊಲದವರು ಒಳ್ಳೆ ವರ್ಷದಲ್ಲಿ ಕಟ್ಟೋ ವಿಮೆ ಕಂತು ಅದು.

ಹೊಲದ ಅಂಚಿಗೆ ನಾಲ್ಕು ಸಾಲು ಸಜ್ಜೆ ಹಾಕೋದಕ್ಕೂ ಕಾರಣ ಇದೆ. 2000ದಲ್ಲಿ ಗಡಿ ಆಚೆ ಅನಂತಪುರ ಜಿಲ್ಲೆಯಲ್ಲಿ ಶೇಂಗಾ ಕಾಂಡ ಕೊಳೆತು ಕಪ್ಪಾಗೋ ವೈರಸ್ ರೋಗ ಬಂದು ಎರಡು ಲಕ್ಷ ಹೆಕ್ಟೇರಿಗೂ ಮೇಲೆ ಹಾಳು ಮಾಡಿತು. ಪಾರ್ಥೇನಿಯಂ ಕಳೆಯಲ್ಲಿ ಇರೋ ಆ ವೈರಸ್ಸನ್ನು ಹೊಲಕ್ಕೆ ತರೋದು ಥ್ರಿಪ್ಸ್ ನುಸಿ. ಎತ್ತರದ ಸಜ್ಜೆ ಇಲ್ಲಾ ಜೋಳದ ಸಾಲು ಗಾಳಿಯಲ್ಲಿ ತೇಲಿ ಬರೋ ನುಸಿಗೆ ಅಡ್ಡ ನಿಲ್ಲುತ್ತೆ. ರಾಯದುರ್ಗ ಇಲ್ಲಿಂದ ದೂರವೇನಿಲ್ಲ, ಗಾಳಿಗೆ ಚೆಕ್‌ಪೋಸ್ಟ್ ಇಲ್ಲ.

ಬದುವಿನ ಮೇಲೆ ಏನಿರಬೇಕು?

ಇಲ್ಲಿ ಸ್ವಲ್ಪ ಎಚ್ಚರ ಬೇಕು. ಬದು ಖಾಲಿ ಬಿಟ್ಟರೆ ಬಳ್ಳಾರಿ ಜಾಲಿ ತಾನಾಗೇ ಬರುತ್ತೆ. ಬಂದರೆ ಹೋಗಲ್ಲ, ಪೊದೆಯಾದರೆ ಹಂದಿಗೆ ಮನೆ. ಜಟಿಂಗ ರಾಮೇಶ್ವರ ಬೆಟ್ಟದ ಸುತ್ತಿನ ಹೊಲಗಳಿಗೆ ಕರಡಿ ಕಾಟವೂ ಇದೆ, ಶೇಂಗಾ ಕಾಯಿ ಬಲಿಯೋ ಹೊತ್ತಿಗೆ ಅದೂ ಇಳಿಯುತ್ತೆ. ಗಿಡಮರ ಬೆಳೆಸಿ ಅನ್ನೋರು ಇದನ್ನೂ ಹೇಳಬೇಕು. ಪೊದೆಯಾಗದೆ ನಿಲ್ಲೋ ಗಿಡ ಬದುವಿಗೆ ವಾಸಿ: ಹುಣಸೆ, ಬೇವು, ಹೊಂಗೆ ದೂರದೂರಕ್ಕೆ, ನಡುವೆ ಸೀತಾಫಲ. ಸೀತಾಫಲದ ಎಲೆಗೆ ಕುರಿ–ಮೇಕೆ ಬಾಯಿ ಹಾಕಲ್ಲ, ಕಾವಲು ಬೇಡ. ರಸ್ತೆ ಕಡೆಗೆ ಕತ್ತಾಳೆ.

ಅಂಗಡಿಯವರಿಗೆ ಇದರಲ್ಲೇನು ಅಂದರೆ, ದುಡ್ಡು ಬರೋ ತಿಂಗಳುಗಳ ಪಟ್ಟಿ ನೋಡಬೇಕು. ಬರೀ ಶೇಂಗಾ ಇದ್ದರೆ ರಾಂಪುರ, ದೇವಸಮುದ್ರದ ಅಂಗಡಿಗಳ ಉದ್ರಿ ವಸೂಲಾಗೋದು ವರ್ಷಕ್ಕೆ ಒಂದೇ ಸಲ, ಕಾಯಿ ಮಾರಿದಾಗ. ಬದು–ಅಕ್ಕಡಿ ಇರೋ ಮನೆಗೆ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಸೀತಾಫಲ, ಸಂಕ್ರಾಂತಿ ಆಸುಪಾಸಿಗೆ ತೊಗರಿ, ಫೆಬ್ರುವರಿ ಆಚೆ ಹುಣಸೆಹಣ್ಣು. ಯಾವುದೂ ದೊಡ್ಡ ಮೊತ್ತ ಅಲ್ಲ. ಆದರೆ ಶೇಂಗಾ ಹೋದ ವರ್ಷದಲ್ಲಿ ಅಂಗಡಿ ಬಾಕಿ ಒಂದಿಷ್ಟಾದರೂ ತೀರೋದು ಇವುಗಳಿಂದಲೇ.

ಮೇವು ಮರೆಯಬಾರದು. ಶೇಂಗಾ ಒಣಗಿದರೆ ಹೊಟ್ಟೂ ಇಲ್ಲ, ಎತ್ತು–ಹಸು ಸಂತೆಗೆ ಹೋಗುತ್ತವೆ. ಮ್ಯಾಸನಾಯಕರ ದೇವರ ಎತ್ತುಗಳಿಗೂ ಬರಗಾಲದಲ್ಲಿ ಗೋಶಾಲೆ ಕೇಳೋ ಸ್ಥಿತಿ ಬರೋದು ಇದಕ್ಕೇ. ಆಗಸ್ಟ್ ಮುಗಿಯೋ ಹೊತ್ತಿಗೆ ಶೇಂಗಾ ಆಸೆ ಇಲ್ಲ ಅನ್ನಿಸಿದರೆ ಆ ಹೊಲವನ್ನು ಹರಗಿ, ಒಂದು ಮಳೆ ಬಿದ್ದ ಕೂಡಲೇ ಹುರುಳಿ ಚೆಲ್ಲಬಹುದು. ಎಕರೆಗೆ 10–12 ಕೆ.ಜಿ. ಬೀಜ ಸಾಕು, ಶೇಂಗಾಕ್ಕಾದರೆ 40–50 ಕೆ.ಜಿ. ಬೇಕಿತ್ತು. ಸೆಪ್ಟೆಂಬರ್‌ವರೆಗೂ ಬಿತ್ತಬಹುದು. ಕಾಳು ಸಿಗದಿದ್ದರೂ ಮೇವು ಸಿಗುತ್ತೆ.

ಆದರೆ ಹರಗೋದಕ್ಕೆ ಮುಂಚೆ ಕಾಗದ ನೋಡಿ. ಫಸಲ್ ಬಿಮಾದಲ್ಲಿ ಮುಂಗಾರಿನ ಶೇಂಗಾಕ್ಕೆ ರೈತರು ಕಟ್ಟೋದು ವಿಮಾ ಮೊತ್ತದ ಶೇ 2. ನಷ್ಟ ಲೆಕ್ಕ ಹಾಕೋದು ಒಬ್ಬರ ಹೊಲ ನೋಡಿ ಅಲ್ಲ, ಪಂಚಾಯ್ತಿ ಇಲ್ಲಾ ಹೋಬಳಿ ಮಟ್ಟದ ಇಳುವರಿ ನೋಡಿ. ಹಂಗಾಮಿನ ನಡುವೆಯೇ ಇಳುವರಿ ಅರ್ಧಕ್ಕಿಂತ ಕೆಳಗೆ ಬೀಳುತ್ತೆ ಅಂತ ಕಂಡರೆ ಶೇ 25ರವರೆಗೆ ಮುಂಗಡ ಕೊಡೋ ಅವಕಾಶ ಇದೆ. ಅಡ್ಡಿ ಬರೋದು ಬೆಳೆ ಸಮೀಕ್ಷೆಯಲ್ಲಿ. ವಿಮೆ ಶೇಂಗಾಕ್ಕೆ ಕಟ್ಟಿ, ಸಮೀಕ್ಷೆ ಮಾಡೋರು ಬದುವಿನಲ್ಲಿ ನಿಂತು ಬರೀ ತೊಗರಿ ಅಂತ ಫೋಟೊ ಹಾಕಿದರೆ ಅರ್ಜಿ ಅಲ್ಲಿಗೇ ನಿಲ್ಲುತ್ತೆ. ಅಕ್ಕಡಿ ಹಾಕಿದವರು ಮಿಶ್ರ ಬೆಳೆ ಅಂತಲೇ, ಎರಡೂ ಬೆಳೆಯ ವಿಸ್ತೀರ್ಣ ಸಮೇತ ಬರೆಸಬೇಕು. ಏನು ದಾಖಲಾಗಿದೆ ಅಂತ ಬೆಳೆ ದರ್ಶಕ್ ಆ್ಯಪ್‌ನಲ್ಲಿ ಸರ್ವೆ ನಂಬರ್ ಹಾಕಿ ನೋಡಬಹುದು, ತಪ್ಪಿದ್ದರೆ ಅಲ್ಲೇ ಆಕ್ಷೇಪಣೆ ಹಾಕಬಹುದು. ಮೊಬೈಲ್ ಬಾರದವರಿಗೆ ಹೋಬಳಿಯ ರೈತ ಸಂಪರ್ಕ ಕೇಂದ್ರ ಇದೆ.

ಗುತ್ತಿಗೆಗೆ ಮಾಡೋರ ಕಥೆ ಬೇರೆ. ಪಹಣಿ ಯಾರ ಹೆಸರಿಗಿದೆಯೋ ಪರಿಹಾರ ಅವರ ಖಾತೆಗೇ. ಇನ್ನೊಬ್ಬರ ಹೊಲದಲ್ಲಿ ಹೊಂಡ ತೋಡೋಕಾಗಲ್ಲ, ಹುಣಸೆ ನೆಟ್ಟರೆ ಹಣ್ಣು ಬಿಡೋ ಹೊತ್ತಿಗೆ ಗುತ್ತಿಗೆ ಇರುತ್ತೋ ಇಲ್ವೋ. ಅವರ ಕೈಯಲ್ಲಿರೋದು ತೊಗರಿ ಸಾಲು, ಅದರ ನಡುವಿನ ನೇಗಿಲ ಸಾಲು, ಕೊನೆಗೆ ಹುರುಳಿ. ಪರಿಹಾರ ಬಂದರೆ ಇಷ್ಟು ಪಾಲು ಅಂತ ಬಿತ್ತೋಕೆ ಮುಂಚೆಯೇ ಹೊಲದ ಯಜಮಾನರ ಹತ್ತಿರ ನಾಲ್ಕು ಜನರ ಮುಂದೆ ಮಾತಾಡಿಕೊಂಡು, ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡರೆ ಏಪ್ರಿಲ್‌ನಲ್ಲಿ ಜಗಳ ತಪ್ಪುತ್ತೆ.