ಯಾವ ಫೀಲ್ಡಿಗೆ ಯಾರು ಯಜಮಾನ?

ಬೆಳ್ಳಂದೂರಿನ ಸಾಫ್ಟ್‌ವೇರ್ ಕಂಪನಿಯೊಂದರ ಸಪೋರ್ಟ್ ವಿಭಾಗಕ್ಕೆ ಈಚೆಗೆ ಹೋಗಿದ್ದೆ. ಯುವತಿಯೊಬ್ಬರು ಎರಡು ಪರದೆ ಅಕ್ಕಪಕ್ಕ ಇಟ್ಟುಕೊಂಡು ಕೂತಿದ್ದರು. ಎಡಗಡೆ ಸೇಲ್ಸ್‌ಫೋರ್ಸ್‌ನಲ್ಲಿ ಗ್ರಾಹಕರ ದೂರು. ಬಲಗಡೆ ಜಿರಾದಲ್ಲಿ ಅದೇ ದೂರಿಗೆ ಸಂಬಂಧಿಸಿದ ಬಗ್. ಎಡಗಡೆ ಆದ್ಯತೆಯನ್ನು ‘ಹೈ’ ಮಾಡಿ ಸೇವ್ ಒತ್ತಿದರು, ನೋಡನೋಡುತ್ತಿದ್ದಂತೆ ಬಲಗಡೆಯೂ ಬದಲಾಯಿತು. ನಾನು ಬೆರಗಾದೆ. ಅವರು ಮಾತ್ರ, “ಇದೇನ್ ದೊಡ್ಡದಲ್ಲ ಸರ್, ಐಡಿ ತಾಳೆ ಮಾಡೋದೇ ಕಷ್ಟ” ಎಂದು ಎಕ್ಸೆಲ್ ಶೀಟ್ ತೆರೆದರು. ಅಲ್ಲಿ ಕಂಡದ್ದು ಇನ್ನೂ ನನ್ನ ತಲೆಯಿಂದ ಇಳಿದಿಲ್ಲ.

ಸೇಲ್ಸ್‌ಫೋರ್ಸ್‌ನಲ್ಲಿ ಪ್ರತಿ ದಾಖಲೆಗೂ 15 ಅಕ್ಷರಗಳ ಐಡಿ ಇರುತ್ತದೆ. ಮೊದಲ ಮೂರು ನೋಡಿದರೆ ಸಾಕು, ದಾಖಲೆ ಯಾವ ಬಗೆಯದೆಂದು ತಿಳಿಯುತ್ತದೆ: 001 ಅಕೌಂಟ್, 003 ಕಾಂಟ್ಯಾಕ್ಟ್, 500 ಕೇಸ್. ಇಲ್ಲಿ ಇಂಗ್ಲಿಷಿನ ದೊಡ್ಡ ಎ ಬೇರೆ, ಸಣ್ಣ ಎ ಬೇರೆ. ಎಕ್ಸೆಲ್‌ನ ವಿ-ಲುಕಪ್‌ಗೆ ಆ ಭೇದ ಗೊತ್ತಾಗುವುದಿಲ್ಲ. ಒಬ್ಬ ಗ್ರಾಹಕನ ದೂರನ್ನು ಇನ್ನೊಬ್ಬನ ತಲೆಗೆ ಕಟ್ಟಿಬಿಡಬಹುದು. ಅದಕ್ಕೆಂದೇ 18 ಅಕ್ಷರಗಳ ಇನ್ನೊಂದು ರೂಪವಿದೆ. ಕೊನೆಯ ಮೂರು ಅಕ್ಷರ ಬರುವುದು ಲೆಕ್ಕದಿಂದ. ಹದಿನೈದನ್ನು ಐದೈದರ ಮೂರು ಗುಂಪು ಮಾಡಿ. ಗುಂಪಿನ ಸ್ಥಾನಗಳಿಗೆ ಎಡದಿಂದ 1, 2, 4, 8, 16 ಬೆಲೆ. ದೊಡ್ಡಕ್ಷರ ಕೂತ ಸ್ಥಾನಗಳ ಬೆಲೆಯನ್ನಷ್ಟೇ ಕೂಡಿ. ಸಣ್ಣ ಎ, ದೊಡ್ಡ ಬಿ, ಸಣ್ಣ ಸಿ, ದೊಡ್ಡ ಡಿ, ಸಣ್ಣ ಇ ಇದ್ದರೆ 2 ಮತ್ತು 8 ಸೇರಿ 10. ಎ ಅಂದರೆ 0, ಬಿ ಅಂದರೆ 1 ಎಂದು ಎಣಿಸುತ್ತ ಹೋದರೆ 10ಕ್ಕೆ ಸಿಗುವುದು ಕೆ. ಝಡ್ ಮುಗಿದ ಮೇಲೆ 26ರಿಂದ 31ರವರೆಗಿನ ಮೊತ್ತಗಳಿಗೆ 0ಯಿಂದ 5ರವರೆಗಿನ ಅಂಕಿಗಳು. ಯಾರಾದರೂ ಇಡೀ ಐಡಿಯನ್ನು ದೊಡ್ಡಕ್ಷರಕ್ಕೆ ತಿರುಗಿಸಿದರೂ ಈ ಮೂರೇ ಅಕ್ಷರದಿಂದ ಮೂಲ ರೂಪವನ್ನು ಮತ್ತೆ ಕಟ್ಟಬಹುದು. ಎಂಥ ಅಚ್ಚುಕಟ್ಟು! ಅಲ್ಲೇ ಕಾಗದ ತೆಗೆದುಕೊಂಡು ಲೆಕ್ಕ ಹಾಕಿ ನೋಡಿದೆ, ಸರಿಹೋಯಿತು.

ಐಡಿ ಕೂಡಿಬಂದ ಮಾತ್ರಕ್ಕೆ ಅರ್ಥ ಕೂಡಿಬರುವುದಿಲ್ಲ. ಸೇಲ್ಸ್‌ಫೋರ್ಸ್ 1999ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಮಾರ್ಕ್ ಬೆನಿಯಾಫ್ ಮತ್ತು ಸಂಗಡಿಗರು ಮಾರಾಟಗಾರರಿಗೆಂದು ಶುರುಮಾಡಿದ್ದು. ಜಿರಾವನ್ನು ಸಿಡ್ನಿಯ ಅಟ್ಲಾಸಿಯನ್ 2002ರಲ್ಲಿ ತಂದದ್ದು ಪ್ರೋಗ್ರಾಮರ್‌ಗಳಿಗೆಂದು. ಡೆವಲಪರ್ ‘ಡನ್’ ಎಂದರೆ ಕೋಡ್ ಸರಿಹೋಯಿತು ಎಂದಷ್ಟೇ. ಗ್ರಾಹಕನ ಕೈಗೆ ಅದು ತಲುಪಲು ಮುಂದಿನ ರಿಲೀಸ್ ಬರಬೇಕು. ಎರಡೂ ಕಡೆಯನ್ನು ಜೋಡಿಸುವ ಟೂಲ್, ಅಂದರೆ ಸಿಂಕ್, ಅದನ್ನೇ ನಂಬಿ ಕೇಸನ್ನು ‘ಕ್ಲೋಸ್ಡ್’ ಮಾಡಿದರೆ, ತೊಂದರೆ ಇನ್ನೂ ಅನುಭವಿಸುತ್ತಿರುವವನಿಗೆ ‘ನಿಮ್ಮ ದೂರು ಬಗೆಹರಿದಿದೆ’ ಎಂಬ ಮೇಲ್ ಹೋಗುತ್ತದೆ. ಒಂದೇ ಬಗ್‌ಗೆ ಹತ್ತಾರು ಗ್ರಾಹಕರ ಕೇಸ್ ಜೋಡಿಸಿದ್ದರೆ ಹತ್ತಾರು ಜನಕ್ಕೂ ಅದೇ ಸುಳ್ಳು. ಒಳಗಿನವರು ತಮ್ಮತಮ್ಮಲ್ಲಿ ಬರೆದುಕೊಂಡ ಕಾಮೆಂಟ್ ಗ್ರಾಹಕನ ಕಣ್ಣಿಗೆ ಬಿದ್ದರಂತೂ ಮರ್ಯಾದೆಯೇ ಹೋಯಿತು.

ಇನ್ನೊಂದು ಪೀಡೆ ಸುತ್ತು. ಎಡಗಡೆಯ ಬದಲಾವಣೆ ಬಲಗಡೆಯನ್ನು ತಿದ್ದುತ್ತದೆ. ಆ ತಿದ್ದುಪಡಿಯನ್ನೇ ಹೊಸ ಬದಲಾವಣೆ ಎಂದುಕೊಂಡು ಸಿಂಕ್ ಮತ್ತೆ ಎಡಗಡೆಯನ್ನು ತಿದ್ದುತ್ತದೆ. 24 ಗಂಟೆಗೆ ಇಷ್ಟೇ ಎಂದು ಸೇಲ್ಸ್‌ಫೋರ್ಸ್ ಕೊಡುವ ಎಪಿಐ ಕರೆಗಳೆಲ್ಲ, ಅಂದರೆ ಹೊರಗಿನ ತಂತ್ರಾಂಶ ಅದಕ್ಕೆ ಕಳಿಸುವ ಕೋರಿಕೆಗಳೆಲ್ಲ, ಹೀಗೆಯೇ ಖರ್ಚಾಗಬಹುದು. ಸಿಂಕ್‌ಗೆಂದೇ ಒಂದು ಪ್ರತ್ಯೇಕ ಬಳಕೆದಾರ ಖಾತೆ ತೆರೆದು, ಆ ಖಾತೆ ಮಾಡಿದ ಬದಲಾವಣೆಯನ್ನು ಹಿಂದಕ್ಕೆ ಕಳಿಸದಂತೆ ತಡೆಯುವುದು ಬಲ್ಲವರ ಉಪಾಯ.

‘ಎಲ್ಲವನ್ನೂ ಎರಡೂ ಕಡೆ ಸಿಂಕ್ ಮಾಡುತ್ತೇವೆ’ ಎಂಬ ಜಾಹೀರಾತನ್ನು ನಾನು ನಂಬುವುದಿಲ್ಲ. ಗ್ರಾಹಕನ ಹೆಸರು, ಒಪ್ಪಂದ, ಆದ್ಯತೆಗೆ ಸಪೋರ್ಟ್‌ನವರು ಯಜಮಾನರಾಗಲಿ; ಬಗ್‌ನ ಸ್ಥಿತಿ, ರಿಲೀಸ್ ದಿನಕ್ಕೆ ಡೆವಲಪರ್‌ಗಳು. ಕೇಸ್ ಮುಚ್ಚುವ ಗುಂಡಿ ಮಾತ್ರ ಗ್ರಾಹಕನ ಜೊತೆ ಮಾತಾಡಿದ ಮನುಷ್ಯನ ಕೈಯಲ್ಲೇ ಇರಲಿ. ನಿಮ್ಮ ಕಚೇರಿಗೂ ಇಂಥದ್ದೊಂದು ಟೂಲ್ ಬರುವುದಿದ್ದರೆ, ದುಡ್ಡು ಕಟ್ಟುವ ಮುಂಚೆ ಎರಡೂ ತಂಡದವರನ್ನು ಕೂರಿಸಿ ಪ್ರತಿ ಫೀಲ್ಡಿನ ಎದುರು ಅದರ ಯಜಮಾನರ ಹೆಸರು ಬರೆಸಿ.