ಕ್ವಿಂಟಲ್ ಕೊಬ್ಬರಿ ದುಡ್ಡಿಗೊಂದು ಎಲೆಕ್ಟ್ರಿಕ್ ಗಿಟಾರ್

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಮನೆಗಳಲ್ಲಿ ಖರ್ಚಿನ ಮಾತು ಬಂದರೆ ಅದು ಕೊಬ್ಬರಿ ಲೆಕ್ಕಕ್ಕೇ ಬಂದು ನಿಲ್ಲುತ್ತದೆ. ಕಾಲೇಜು ಫೀಸು ಇಷ್ಟು ಕ್ವಿಂಟಲ್, ಬೋರು ಕೊರೆಸಿದ್ದಕ್ಕೆ ಇಷ್ಟು ಕ್ವಿಂಟಲ್. 2024ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕಟ್ಟಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 12,000 ರೂಪಾಯಿ. ಅದಕ್ಕೆ ಹಿಂದಿನ ವರ್ಷ ಮಾರುಕಟ್ಟೆ ಧಾರಣೆ 8,000ದ ಆಸುಪಾಸಿಗೆ ಬಿದ್ದು ಬೆಳೆಗಾರರು ಬೀದಿಗಿಳಿದಿದ್ದರು. ಇಂಥ ಮನೆಯ ಹುಡುಗನೊಬ್ಬ ‘ಅಪ್ಪಾ, ನನಗೊಂದು ಎಲೆಕ್ಟ್ರಿಕ್ ಗಿಟಾರ್ ಬೇಕು’ ಅಂದರೆ ಅಪ್ಪನ ಕಣ್ಣು ಅಟ್ಟದ ಕಡೆಗೆ ಹೋಗುವುದು ಸಹಜ. ಹತ್ತು ಹನ್ನೊಂದು ತಿಂಗಳು ಅಟ್ಟದಲ್ಲಿ ಕಾದು ಒಣಗಿದ ಕಾಯಿ ಅದು.

ನನ್ನನ್ನೂ ಒಬ್ಬರಲ್ಲ ಒಬ್ಬರು ಕೇಳುತ್ತಲೇ ಇರುತ್ತಾರೆ: ‘ಅಣ್ಣಾ, ಹದಿನೈದು ಸಾವಿರದೊಳಗೆ ಯಾವುದು ತಗೊಳ್ಳಲಿ?’ ಕೇಳುವ ಹೊತ್ತಿಗೆ ತಲೆಯಲ್ಲಿ ಯಾರ್‍ಯಾರೋ ಹೇಳಿದ ಹತ್ತು ಮಾತು ತುಂಬಿಕೊಂಡಿರುತ್ತವೆ. ಅವುಗಳಲ್ಲಿ ಹೆಚ್ಚಿನವು ತಪ್ಪು. ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ: ಮೊದಲು ಅಕೂಸ್ಟಿಕ್ ಕಲಿತು ಆಮೇಲೆ ಎಲೆಕ್ಟ್ರಿಕ್ ಹಿಡಿಯಬೇಕು.

ವಾಸ್ತವ: ಇಂಥ ನಿಯಮ ಯಾವ ಗುರುವೂ ಬರೆದಿಟ್ಟಿಲ್ಲ. ಬೆರಳಿಗೆ ಎಲೆಕ್ಟ್ರಿಕ್ಕೇ ಹಗುರ. ಅದಕ್ಕೆ ಸಾಮಾನ್ಯವಾಗಿ ಹಾಕುವ ತಂತಿ ‘9–42’ ಅಳತೆಯದು, ಅಂದರೆ ತೀರಾ ತೆಳುವಾದ ತಂತಿಯ ದಪ್ಪ ಇಂಚಿನ ಸಾವಿರ ಭಾಗದಲ್ಲಿ ಒಂಬತ್ತು. ಅಕೂಸ್ಟಿಕ್‌ನಲ್ಲಿ ಆ ಜಾಗದಲ್ಲಿ ಹನ್ನೊಂದೋ ಹನ್ನೆರಡೋ ಇರುತ್ತದೆ, ಬಿಗಿಯೂ ಜಾಸ್ತಿ. ಮೊದಲ ತಿಂಗಳು ಬೆರಳ ತುದಿ ಉರಿದು ಗಿಟಾರನ್ನು ಮೂಲೆಗೆ ಒರಗಿಸಿದವರನ್ನು ಬೇಕಾದಷ್ಟು ಕಂಡಿದ್ದೇನೆ. ಬೇಕಾಗಿರುವುದು ಎಲೆಕ್ಟ್ರಿಕ್ ನಾದವೇ ಆಗಿದ್ದರೆ ಅದನ್ನೇ ಕೊಳ್ಳಿ. ಇರುವುದೇ ಒಂದು ಕ್ವಿಂಟಲ್ ದುಡ್ಡು, ಎರಡು ವಾದ್ಯಕ್ಕೆ ಹಂಚಿದರೆ ಎರಡೂ ಅರ್ಧಂಬರ್ಧ.

ತಪ್ಪು ಕಲ್ಪನೆ: ಮರ ಒಳ್ಳೆಯದಿದ್ದರೆ ನಾದ ಒಳ್ಳೆಯದು. ಅಗ್ಗದ ಗಿಟಾರಿನ ಮರ ಕಸ.

ವಾಸ್ತವ: ಈ ಮಾತು ವೀಣೆಯಿಂದ ಬಂದದ್ದು. ಹಲಸಿನ ಮರದ ಕೊಡ, ಅದರೊಳಗೆ ಗಾಳಿ, ಆ ಗಾಳಿಯ ಅನುರಣನ. ಅಲ್ಲಿ ಮರವೇ ನಾದ. ಸಾಮಾನ್ಯ ಎಲೆಕ್ಟ್ರಿಕ್ ಗಿಟಾರಿನ ಒಳಗೆ ಪೊಳ್ಳೇ ಇಲ್ಲ. ತಂತಿಯ ಕೆಳಗೆ ಪಿಕಪ್ ಎಂಬ ಭಾಗವಿದೆ: ಅಯಸ್ಕಾಂತ, ಅದರ ಸುತ್ತ ಕೂದಲೆಳೆಯಂಥ ತಾಮ್ರದ ತಂತಿಯ ಸಾವಿರಾರು ಸುತ್ತು. ಮೇಲಿನ ಉಕ್ಕಿನ ತಂತಿ ಅಲ್ಲಾಡಿದರೆ ಕಾಂತಕ್ಷೇತ್ರ ಅಲ್ಲಾಡುತ್ತದೆ, ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. 1831ರಲ್ಲಿ ಫ್ಯಾರಡೆ ಕಂಡುಕೊಂಡದ್ದು ಇದೇ. ಸೈಕಲ್ಲಿನ ಡೈನಮೋ ನೆನಪಿರುವವರಿಗೆ ಹೆಚ್ಚು ವಿವರಿಸಬೇಕಿಲ್ಲ.

ಮೊದಮೊದಲ ಎಲೆಕ್ಟ್ರಿಕ್ ಗಿಟಾರುಗಳಲ್ಲೊಂದು, 1930ರ ದಶಕದ ರಿಕನ್‌ಬ್ಯಾಕರ್, ಮರದ್ದೇ ಅಲ್ಲ. ಅಲ್ಯುಮಿನಿಯಂ ಎರಕ. ನೋಡಲು ಬಾಣಲೆಯಂತಿದ್ದುದರಿಂದ ಜನ ಅದಕ್ಕೆ ‘ಫ್ರೈಯಿಂಗ್ ಪ್ಯಾನ್’ ಎಂದೇ ಹೆಸರಿಟ್ಟರು. ಕ್ವೀನ್ ತಂಡದ ಬ್ರಯಾನ್ ಮೇ 1960ರ ದಶಕದಲ್ಲಿ ಅಪ್ಪನ ಜೊತೆ ಕೂತು, ಹಳೆಯ ಬೆಂಕಿಗೂಡಿನ ಹಲಗೆ ಕೆತ್ತಿ, ಹಳೆ ಮೋಟಾರ್ ಬೈಕಿನ ಸ್ಪ್ರಿಂಗ್ ಜೋಡಿಸಿ ಗಿಟಾರ್ ಮಾಡಿಕೊಂಡರು. ದುಡ್ಡಿರಲಿಲ್ಲ, ಅದಕ್ಕೆ. ಮುಂದೆ ಹೆಚ್ಚಾಗಿ ನುಡಿಸುತ್ತ ಬಂದದ್ದು ಅದನ್ನೇ.

ಮರಕ್ಕೆ ಏನೂ ಕೆಲಸವಿಲ್ಲ ಅಂತಲ್ಲ. ಕತ್ತು ನೆಟ್ಟಗೆ ನಿಲ್ಲಬೇಕು, ತೂಕ ಹೆಗಲಿಗೆ ಭಾರವಾಗಬಾರದು. ಅಷ್ಟು ಸಾಕು. ಬೆರಳಾಡುವ ಹಲಗೆಯ ಬಗ್ಗೆ ಮಾತ್ರ ನಮ್ಮ ಕಡೆಯವರಿಗೆ ಹೇಳಬೇಕಾದ ಸಂಗತಿಯೊಂದಿದೆ. ಹಿಂದೆಲ್ಲ ಅದು ಹೆಚ್ಚಾಗಿ ಬೀಟೆಯದಾಗಿರುತ್ತಿತ್ತು. 2017ರ ಜನವರಿಯಲ್ಲಿ, ಅಳಿವಿನಂಚಿನ ಜೀವಿಗಳ ವ್ಯಾಪಾರ ತಡೆಯುವ ಅಂತರರಾಷ್ಟ್ರೀಯ ‘ಸೈಟಿಸ್’ ಒಪ್ಪಂದ ಬೀಟೆಯ ಕುಲದ ಮರಗಳಿಗೆಲ್ಲ ವ್ಯಾಪಾರದ ಕಟ್ಟುಪಾಡು ಹಾಕಿತು. 2019ರಲ್ಲಿ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತಾದರೂ ಅಷ್ಟರಲ್ಲಿ ಅಗ್ಗದ ಗಿಟಾರುಗಳು ಬೇರೆ ಮರಕ್ಕೆ ಹೊರಳಿದ್ದವು. ಈಗ ಫೆಂಡರ್ ಕಂಪನಿಯ ಅಗ್ಗದ ಶ್ರೇಣಿಯಾದ ಸ್ಕ್ವಾಯರ್‌ನ ಹಲವು ಮಾದರಿಗಳಲ್ಲಿ ‘ಇಂಡಿಯನ್ ಲಾರೆಲ್’ ಎಂದು ಬರೆದಿರುತ್ತದೆ. ಅಂಗಡಿಯವನು ‘ಲಾರೆಲ್ಲಾ? ಸಾಧಾರಣ ಮರ’ ಎಂದು ಮೂಗು ಮುರಿದರೆ ನಕ್ಕುಬಿಡಿ. ಅದು ನಮ್ಮ ಮತ್ತಿ ಮರ. ಮತ್ತಿಯ ತೊಲೆ ಹೊತ್ತ ಹಳೇ ಮನೆಯಲ್ಲಿ ಬೆಳೆದವರಿಗೆ ಅದರ ಗಟ್ಟಿತನವನ್ನು ಯಾರೂ ಹೇಳಿಕೊಡಬೇಕಿಲ್ಲ.

ತಪ್ಪು ಕಲ್ಪನೆ: ಹೊಸ ಗಿಟಾರ್ ಡಬ್ಬ ಬಿಚ್ಚಿದ ತಕ್ಷಣ ನುಡಿಸಲು ಸಿದ್ಧ. ಬರದಿದ್ದರೆ ಕೈ ಸರಿಯಿಲ್ಲ.

ವಾಸ್ತವ: ಇದೊಂದು ತಪ್ಪಿಗೆ ನಾನೇ ಆರು ತಿಂಗಳು ತೆತ್ತಿದ್ದೇನೆ. ಬಣ್ಣ ನೋಡಿ ಮರುಳಾಗಿ ತಂದ ಕೆಂಪು ಗಿಟಾರ್. ತಂತಿಗಳು ಹಲಗೆಯಿಂದ ಎಷ್ಟು ಮೇಲಿದ್ದವೆಂದರೆ ಹನ್ನೆರಡನೇ ಫ್ರೆಟ್ಟಿನ (ಹಲಗೆಗೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿ) ಹತ್ತಿರ ಪೆನ್ಸಿಲು ತೂರಿಸಬಹುದಿತ್ತು. ಒತ್ತಿದರೆ ಶ್ರುತಿ ಮೇಲಕ್ಕೆ ಜಾರುತ್ತಿತ್ತು. ನನ್ನ ಬೆರಳಿಗೇ ಬಲ ಸಾಲದು ಅಂದುಕೊಂಡೆ. ಕೊನೆಗೆ ಬೆಂಗಳೂರಿನಲ್ಲಿ ರಿಪೇರಿಯವರೊಬ್ಬರು ಅರ್ಧ ಗಂಟೆ ಸ್ಕ್ರೂ ತಿರುಗಿಸಿ ವಾಪಸು ಕೊಟ್ಟಾಗ ಕೈಯಲ್ಲಿದ್ದದ್ದು ಬೇರೆಯದೇ ವಾದ್ಯ.

ಈ ಕೆಲಸಕ್ಕೆ ‘ಸೆಟಪ್’ ಎನ್ನುತ್ತಾರೆ. ಅಗ್ಗದ ಗಿಟಾರಿಗೂ ದುಬಾರಿ ಗಿಟಾರಿಗೂ ಕಾರ್ಖಾನೆಯಲ್ಲಿ ಆಗುವ ದೊಡ್ಡ ವ್ಯತ್ಯಾಸಗಳಲ್ಲಿ ಇದೂ ಒಂದು. ದುಬಾರಿಯದಕ್ಕೆ ಮನುಷ್ಯನ ಕೈ ಹೆಚ್ಚು ಹೊತ್ತು ಸೋಕಿರುತ್ತದೆ. ಕತ್ತಿನೊಳಗೆ ಟ್ರಸ್ ರಾಡ್ ಎಂಬ ಉಕ್ಕಿನ ಸರಳು ಇದೆ. ತಂತಿಯ ಎಳೆತಕ್ಕೆ ಕತ್ತು ಬಿಲ್ಲಿನಂತೆ ಬಾಗದ ಹಾಗೆ ಹಿಡಿಯುವುದು ಅದೇ. ಹನ್ನೆರಡನೇ ಫ್ರೆಟ್ಟಿನ ಮೇಲೆ ತೆಳು ತಂತಿಯ ಎತ್ತರ ಒಂದೂವರೆ ಮಿಲಿಮೀಟರ್, ದಪ್ಪ ತಂತಿಯದು ಎರಡು ಮಿಲಿಮೀಟರ್ ಆಸುಪಾಸು ಇದ್ದರೆ ಬೆರಳಿಗೆ ಸುಖ.

ಅಂಗಡಿಯಲ್ಲಿ ನೀವೇ ಮಾಡಬಹುದಾದ ಪರೀಕ್ಷೆ ಹೀಗೆ. ದಪ್ಪ ತಂತಿಯನ್ನು ಮೊದಲ ಫ್ರೆಟ್ಟಿನಲ್ಲೂ ಕೊನೆಯ ಫ್ರೆಟ್ಟಿನಲ್ಲೂ ಒಟ್ಟಿಗೆ ಒತ್ತಿ. ನಡುವೆ, ಏಳು ಎಂಟನೇ ಫ್ರೆಟ್ಟಿನ ಹತ್ತಿರ, ಒಂದು ಕಾಗದದಷ್ಟು ಸಂದು ಉಳಿದರೆ ಕತ್ತು ಸರಿ. ಸಂದೇ ಇಲ್ಲದಿದ್ದರೆ ಅಥವಾ ವಿಸಿಟಿಂಗ್ ಕಾರ್ಡೇ ಸಲೀಸಾಗಿ ಹೋದರೆ ಸರಳು ತಿರುಗಿಸಬೇಕು. ತಿರುಗಿಸಿದ ಮೇಲೂ ಬಗ್ಗದಿದ್ದರೆ ಆ ಗಿಟಾರ್ ಬೇಡ. ಆಮೇಲೆ ಪ್ರತಿ ತಂತಿಯನ್ನೂ ಪ್ರತಿ ಫ್ರೆಟ್ಟಿನಲ್ಲೂ ನಿಧಾನವಾಗಿ ನುಡಿಸಿ, ಎಲ್ಲಾದರೂ ಗಿರ್‍ರ್ ಅನ್ನುತ್ತದೆಯೇ ಕೇಳಿ. ಹನ್ನೆರಡನೇ ಫ್ರೆಟ್ಟನ್ನು ಒತ್ತಿದ ಸ್ವರ, ಒತ್ತದೆ ಬಿಟ್ಟ ತಂತಿಯ ಸ್ವರದ ಮೇಲಿನ ಸ್ಥಾಯಿಯೇ ಹೌದೇ ಎಂದು ಮೊಬೈಲ್ ಟ್ಯೂನರಿನಲ್ಲಿ ನೋಡಿ. ಕತ್ತಿನ ಅಂಚಿನ ಮೇಲೆ ಅಂಗೈ ಜಾರಿಸಿ. ಫ್ರೆಟ್ಟಿನ ತುದಿ ಗೀಚಿದರೆ ಮರ ಒಣಗಿ ಕುಗ್ಗಿದೆ ಎಂದರ್ಥ. ನಮ್ಮ ಬೇಸಿಗೆಯ ಒಣಹವೆಗೆ ಇದು ಇನ್ನಷ್ಟಾಗುತ್ತದೆ, ಆದ್ದರಿಂದ ಗಿಟಾರನ್ನು ಶೀಟಿನ ಮನೆಯ ಬಿಸಿಲು ಗೋಡೆಗೆ ಒರಗಿಸಬೇಡಿ. ಅಟ್ಟಕ್ಕಂತೂ ಹಾಕಲೇಬೇಡಿ, ಆ ಶಾಖ ಕಾಯಿ ಒಣಗಲಿಕ್ಕೆ ಒಳ್ಳೆಯದು, ಕತ್ತಿಗಲ್ಲ.

ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗಿನ ಕೊಬ್ಬರಿ ಬಿಟ್ಟುಕೊಂಡಿದೆಯೇ ಎಂದು ಹೇಳುವ ಊರಿನವರು ನಾವು. ಅದೇ ಕಿವಿ, ಅದೇ ತಾಳ್ಮೆ ಇಲ್ಲಿಗೂ ಸಾಕು.

ತಪ್ಪು ಕಲ್ಪನೆ: ಸೆಕೆಂಡ್ ಹ್ಯಾಂಡ್ ಅಂದರೆ ಯಾರೋ ಕೆಡಿಸಿ ಬಿಟ್ಟದ್ದು.

ವಾಸ್ತವ: ಗಿಟಾರ್ ಕೊಂಡ ಬಹಳ ಮಂದಿ ಮೂರು ತಿಂಗಳಲ್ಲಿ ಬಿಡುತ್ತಾರೆ. ಅವರ ಸೋಮಾರಿತನ ನಿಮ್ಮ ಲಾಭ. ಹಾಸ್ಟೆಲ್ ಖಾಲಿ ಮಾಡುವ ಬೆಂಗಳೂರಿನ ಹುಡುಗರ ಹತ್ತಿರ ಒಳ್ಳೆಯ ವಾದ್ಯ ಅರ್ಧ ಬೆಲೆಗೆ ಸಿಗುವುದುಂಟು. ತಿಪಟೂರಿನಿಂದ ರೈಲು ಹತ್ತಿ ಹೋಗಿ, ಮೇಲೆ ಹೇಳಿದ ಪರೀಕ್ಷೆಯನ್ನೆಲ್ಲ ಮಾಡಿ. ಇನ್ನೆರಡು ಸೇರಿಸಿ: ಫ್ರೆಟ್ಟುಗಳ ಮೇಲೆ ತಂತಿ ಕೊರೆದ ಹಳ್ಳ ಆಳವಾಗಿದೆಯೇ, ತಲೆ ಕತ್ತಿಗೆ ಸೇರುವಲ್ಲಿ ಬಿರುಕಿದೆಯೇ. ಇವೆರಡೂ ದುಬಾರಿ ರೋಗ. ಗುಂಡಿ ತಿರುಗಿಸಿದಾಗ ಕರಕರ ಶಬ್ದ, ಸಡಿಲ ಜ್ಯಾಕ್, ತುಕ್ಕು ಹಿಡಿದ ತಂತಿ ಇವೆಲ್ಲ ನೆಗಡಿ, ಚೌಕಾಸಿಗೆ ಬಳಸಿಕೊಳ್ಳಿ. ಬೆಸುಗೆ ಹಾಕಲು ಬರುವ ಯಾವ ಟಿ.ವಿ. ರಿಪೇರಿಯವರಾದರೂ ಜ್ಯಾಕ್ ಬದಲಿಸಿ ಕೊಡುತ್ತಾರೆ. ಬಿಡಿಭಾಗ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತದೆ. ಆದರೆ ಟ್ರಸ್ ರಾಡನ್ನು ಮಾತ್ರ ಬಲವಂತವಾಗಿ ಯಾರೂ ತಿರುಗಿಸಕೂಡದು. ಒಂದು ಸಲಕ್ಕೆ ಕಾಲು ಸುತ್ತು, ಅಷ್ಟೇ.

ತಲೆಯ ಮೇಲಿನ ಹೆಸರನ್ನು ಅಕ್ಷರ ಅಕ್ಷರ ಓದಿ. ಗಿಬ್ಸನ್ ಅಮೆರಿಕದ್ದು, ಗಿವ್ಸನ್ ನಮ್ಮ ದೇಶದ್ದು. ಒಂದು ಅಕ್ಷರಕ್ಕೆ ಲಕ್ಷದ ಅಂತರ ಇರಬಹುದು.

ತಪ್ಪು ಕಲ್ಪನೆ: ದೊಡ್ಡ ಆ್ಯಂಪ್ ಇಲ್ಲದೆ ಎಲೆಕ್ಟ್ರಿಕ್ ಗಿಟಾರ್ ಮೂಕ.

ವಾಸ್ತವ: ರಾತ್ರಿ ಹತ್ತಕ್ಕೆ ಅಜ್ಜಿ ಮಲಗುವ ಮನೆಯಲ್ಲಿ ಈ ಮೂಕತನವೇ ವರ. ಏನೂ ಜೋಡಿಸದೆ ನುಡಿಸಿದರೆ ನುಡಿಸುವವನಿಗೆ ಕೇಳುವಷ್ಟು ದನಿ ಬಂದೇ ಬರುತ್ತದೆ. ಮೇಲೆ ಬೇಕಾದರೆ ಗಿಟಾರಿಗೇ ಸಿಕ್ಕಿಸುವ ಪುಟ್ಟ ಹೆಡ್‌ಫೋನ್ ಆ್ಯಂಪ್, ಅಥವಾ ಹತ್ತು ವ್ಯಾಟಿನ ಚಿಕ್ಕದೊಂದು ಸಾಕು. ಮನೆಯ ಹೋಮ್ ಥಿಯೇಟರಿಗೆ ನೇರ ಸಿಕ್ಕಿಸಿದರೆ ದನಿ ತೆಳ್ಳಗೆ, ಜೀವವಿಲ್ಲದಂತೆ ಕೇಳುತ್ತದೆ. ಗಿಟಾರಿನ ತಪ್ಪಲ್ಲ, ಆ ಕಿಂಡಿ ಗಿಟಾರಿನ ದುರ್ಬಲ ಸಂಕೇತಕ್ಕೆ ಮಾಡಿದ್ದಲ್ಲ. ಬ್ಲೂಟೂತ್ ಇಯರ್‌ಫೋನ್ ಕೂಡ ಬೇಡ. ಮೀಟಿದ ಮೇಲೆ ದನಿ ತಡವಾಗಿ ಬಂದು ತಾಳವೇ ಕೆಡುತ್ತದೆ.

ಪಂಪ್‌ಸೆಟ್ ಓಡುವ ತೋಟದ ಮನೆಯಲ್ಲಿ ಗುಂಯ್ ಎಂಬ ಗುನುಗು ಕೇಳಿದರೆ ಗಾಬರಿ ಬೇಡ. ಒಂಟಿ ಸುರುಳಿಯ ಪಿಕಪ್ ವೈರಿಂಗಿನ 50 ಹರ್ಟ್ಸ್ ಕರೆಂಟಿನ ಸದ್ದನ್ನೂ ಹಿಡಿಯುತ್ತದೆ. 1955ರಲ್ಲಿ ಗಿಬ್ಸನ್ ಕಂಪನಿಯ ಸೇತ್ ಲವರ್ ಎರಡು ಸುರುಳಿಗಳನ್ನು ತದ್ವಿರುದ್ಧ ಜೋಡಿಸಿ, ಗುನುಗು ಗುನುಗನ್ನೇ ಹೊಡೆದುಹಾಕುವ ‘ಹಂಬಕರ್’ ಮಾಡಿದರು. ಕರೆಂಟು ಗಲೀಜಾಗಿರುವ ಕಡೆ ತಂತಿಗಳ ಬುಡ ಹಿಡಿಯುವ ಬ್ರಿಡ್ಜಿನ ಹತ್ತಿರ ಒಂದು ಹಂಬಕರ್ ಇರುವ ಮಾದರಿ ನನ್ನ ಆಯ್ಕೆ.

ಇದಕ್ಕಿಂತ ಮುಖ್ಯವಾದದ್ದು ಅರ್ಥಿಂಗ್. ಗಿಟಾರಿನ ತಂತಿ ಆ್ಯಂಪಿನ ಮೂಲಕ ಅರ್ಥ್‌ಗೆ ಸೇರಿರುತ್ತದೆ. ಗಣೇಶನ ಪೆಂಡಾಲಿನಲ್ಲಿ ಗಿಟಾರ್ ಒಂದು ಲೈನಿನಲ್ಲಿ, ಮೈಕು ಜನರೇಟರಿನಲ್ಲಿ ಇದ್ದು, ಅರ್ಥಿಂಗ್ ಸರಿಯಿಲ್ಲದಿದ್ದರೆ ತುಟಿ ಮೈಕಿಗೆ ತಾಗಿದಾಗ ಷಾಕ್ ಹೊಡೆಯುತ್ತದೆ. ಜೀವಕ್ಕೇ ಅಪಾಯ. ಮೂರು ಪಿನ್ನಿನ ಪ್ಲಗ್ಗಿನಿಂದ ಅರ್ಥ್ ಪಿನ್ ಕೀಳಬೇಡಿ. ಹಾಡುವ ಮೊದಲು ಮೈಕಿನ ಜಾಲರಿಗೆ ಟೆಸ್ಟರ್ ಮುಟ್ಟಿಸಿ; ದೀಪ ಹತ್ತಿದರೆ ವೇದಿಕೆ ಇಳಿದು ಎಲೆಕ್ಟ್ರಿಷಿಯನ್ನನ್ನು ಕರೆಯಿರಿ.

ತಪ್ಪು ಕಲ್ಪನೆ: ಹೆಚ್ಚು ಗುಂಡಿ, ಅಲ್ಲಾಡಿಸುವ ಬ್ರಿಡ್ಜು, ಕಾಂಬೊ ಪ್ಯಾಕು ಇದ್ದರೆ ದುಡ್ಡಿಗೆ ಮೋಸವಿಲ್ಲ.

ವಾಸ್ತವ: ಬೀಗ ಹಾಕುವಂಥ ತೇಲುವ ಬ್ರಿಡ್ಜಿನಲ್ಲಿ ಒಂದು ತಂತಿ ಬಿಗಿಮಾಡಿದರೆ ಉಳಿದ ಐದು ಸಡಿಲವಾಗುತ್ತವೆ. ಹೊಸಬರ ಅರ್ಧ ಸಂಜೆ ಶ್ರುತಿ ಮಾಡುವುದರಲ್ಲೇ ಮುಗಿಯುತ್ತದೆ. ಅಲ್ಲಾಡದ ಬ್ರಿಡ್ಜು ನೋಡಿ. ಕಾಂಬೊದಲ್ಲಿ ಬರುವ ಆ್ಯಂಪು, ಕೇಬಲ್ಲು ಸಾಮಾನ್ಯವಾಗಿ ಲೆಕ್ಕಕ್ಕಷ್ಟೇ. ಅವುಗಳ ಬೆಲೆಯನ್ನು ಗಿಟಾರಿನಿಂದಲೇ ಕಿತ್ತಿರುತ್ತಾರೆ.

ತಪ್ಪು ಕಲ್ಪನೆ: ಇದು ಇಂಗ್ಲಿಷ್ ವಾದ್ಯ, ನಮ್ಮ ಹಾಡಿಗೆ ಒಗ್ಗದು.

ವಾಸ್ತವ: ಈ ಮಾತನ್ನು ಹೇಳುವ ಹಿರಿಯರೇ ಊರಿನ ಕುರುಕ್ಷೇತ್ರ ನಾಟಕಕ್ಕೆ ಹಾರ್ಮೋನಿಯಂ ಮಾಸ್ತರರನ್ನು ಕರೆಸಿ ತಿಂಗಳುಗಟ್ಟಲೆ ತಾಲೀಮು ಮಾಡುತ್ತಾರೆ. ಹಾರ್ಮೋನಿಯಂ ಹಡಗಿನಲ್ಲಿ ಬಂದದ್ದು. ಪಿಟೀಲೂ ಅಷ್ಟೇ, ಬಾಲುಸ್ವಾಮಿ ದೀಕ್ಷಿತರು ಕರ್ನಾಟಕ ಸಂಗೀತಕ್ಕೆ ಅದನ್ನು ಒಗ್ಗಿಸಿ ಸುಮಾರು ಇನ್ನೂರು ವರ್ಷವಾಯಿತು. ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮರುಳಾಗಿ, ಅದರಲ್ಲೇ ಕರ್ನಾಟಕ ಸಂಗೀತ ನುಡಿಸಿದವರು. ಯು. ಶ್ರೀನಿವಾಸ್ ಕಛೇರಿ ಕೊಟ್ಟದ್ದು ಎಲೆಕ್ಟ್ರಿಕ್ ಮ್ಯಾಂಡೊಲಿನ್‌ನಲ್ಲಿ. ಅದರಲ್ಲಿ ದುಡಿಯುವುದೂ ಇದೇ ಪಿಕಪ್ಪು. ತೆಳು ತಂತಿಯನ್ನು ಬೆರಳಿನಿಂದ ಅಡ್ಡಕ್ಕೆ ಎಳೆದು ನೋಡಿ, ಹಾರ್ಮೋನಿಯಂಗೆ ಎಂದೂ ಬಾರದ ಗಮಕ ಇಲ್ಲಿ ಬರುತ್ತದೆ.

ಇನ್ನು ದುಡ್ಡಿನ ಹಂಚಿಕೆ. ಕೈಯಲ್ಲಿ ಹದಿನೈದು ಸಾವಿರ ಇದ್ದರೆ ಹತ್ತಕ್ಕಿಂತ ಹೆಚ್ಚನ್ನು ಗಿಟಾರಿಗೆ ಸುರಿಯಬೇಡಿ. ಒಂದು ಸಾವಿರ ಸೆಟಪ್ಪಿಗೆ ಎತ್ತಿಡಿ, ಎರಡು ಮೂರು ಸಾವಿರ ಹೆಡ್‌ಫೋನ್ ಆ್ಯಂಪ್ ಅಥವಾ ಹಳೆಯ ಚಿಕ್ಕ ಆ್ಯಂಪಿಗೆ, ಉಳಿದದ್ದು ಗಟ್ಟಿ ಕೇಬಲ್ಲು, ಪಟ್ಟಿ, ಬ್ಯಾಗಿಗೆ. ಟ್ಯೂನರ್ ಮೊಬೈಲಿನಲ್ಲಿ ಪುಕ್ಕಟೆ. ಬಸ್ಸಿನಲ್ಲಿ ಬರುವುದಾದರೆ ಟಾಪಿಗೆ ಹಾಕಬೇಡಿ, ತೊಡೆಯ ಮೇಲೆ ನಿಲ್ಲಿಸಿಕೊಂಡು ಬನ್ನಿ. ಹೊರಡುವ ಮುಂಚೆ ಅಂಗಡಿಯಲ್ಲೇ ಒಂಬತ್ತರ ಅಳತೆಯ ಬಿಡಿ ತಂತಿ ನಾಲ್ಕು ಕೇಳಿ ತೆಗೆದುಕೊಳ್ಳಿ. ಮೊದಲು ಕಡಿಯುವುದು ಅದೇ.